ವೈರಸ್ ಜಾಡ್ಯಗಳೂ ಜೀವಕೋಶದ ಆತ್ಮರಕ್ಷಣೆಯೂ

ಕಾಲುಬಾಯಿ ಜ್ವರದಂಥ ವೈರಸ್ ಜಾಡ್ಯಗಳಿಂದ ದನಕರುಗಳಿಗೆ ಆಗುವ ಹಾನಿಯು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ವಿದಿತವಾದುದೇ. ಇದಕ್ಕೆ ಲಸಿಕೆಯುಂಟು. ಆದರೆ ಎಳೆಗರುಗಳ ವಿಷಯದಲ್ಲಿ ಒಂದು ತೊಡಕಿದೆ. ಗಿಣ್ಣುಹಾಲಿನ ಮೂಲಕ ತಾಯಿಯಿಂದ ಬರುವ ರಕ್ಷಕವಸ್ತುಗಳು ಕರುವನ್ನು ಕೆಲವು ಕಾಲ ಕಾಪಾಡುವುವಾದರೂ, ಅವೇ ಲಸಿಕೆಯ ಕಾರ್ಯಕ್ಕೆ ಅಡ್ಡಿಯಾಗುವುವು. ಆದುದರಿಂದಲೇ ಮೊದಲನೆಯ ಲಸಿಕೆಯನ್ನು ಸುಮಾರು 4 ತಿಂಗಳು ತುಂಬಿದ ಮೇಲೆ ಹಾಕಿಸುವ ಪದ್ಧತಿಯಿದೆ. ಇಷ್ಟು ಎಳೆಯ ಪ್ರಾಣಿಯ ದೇಹದಲ್ಲಿ ಬೇರೆ ರಕ್ಷಣೋಪಾಯವಿದೆಯೆ? ಇಲಿಗಳಲ್ಲಿ ನಡೆದ ಈಚಿನ ಪ್ರಯೋಗಗಳು ಉಂಟೆಂದು ತೋರಿಸಿವೆ.

ವೈರಸ್ಸು ತಾನಾಗಿ ವೃದ್ಧಿ ಹೊಂದಲಾರದು. ಪ್ರಾಣಿಯ ಜೀವಕೋಶವನ್ನು ಹೊಕ್ಕು, ತನ್ನ ಪ್ರತಿಗಳನ್ನು ಅಲ್ಲಿಯೇ ಮಾಡಿಸಿಕೊಳ್ಳುವುದು. ಅನೇಕ ವೈರಸ್ಸುಗಳಲ್ಲಿ ಇದಕ್ಕೆ ಬೇಕಾದ ಆಜ್ಞೆಯು ಆರ್.ಎನ್.ಎ. ಎಂಬ ಎಳೆಯಲ್ಲಿ ಅಕ್ಷರಗಳಂತೆ ಅಡಗಿರುವುದು. ಪ್ರತಿಯಾಗುವಾಗ ಎರಡು ಎಳೆಗಳು ಹುರಿಯಂತೆ ಜೋಡಿಯಾಗುವುವು. ಕೋಶದಲ್ಲಿರುವ ಡೈಸರ್ ಎಂಬ ವಸ್ತುವು ಈ ಹುರಿಯನ್ನು ಸುಮಾರು 22 ಅಕ್ಷರಗಳ ತುಂಡುಗಳಾಗಿ ಕತ್ತರಿಸುವುದು. ಆರ್ಗೊನಾಟ್ ಎಂಬ ಮತ್ತೊಂದು ವಸ್ತುವು ಅಂಥ ತುಂಡೊಂದನ್ನು ಗುರುತಾಗಿಟ್ಟುಕೊಂಡು, ಅದಕ್ಕೆ ಹೊಂದುವ ವೈರಸ್ ಎಳೆಯನ್ನು ಹುಡುಕಿ ಕಡಿದುಹಾಕುವುದು. ಹಿಂದಿನ ಕಾಲದಲ್ಲಿ ಕಳ್ಳನು ಬಿಟ್ಟುಹೋದ ಬಟ್ಟೆಯ ಚೂರಿನಿಂದ ತಳವಾರನು ಅವನನ್ನು ಪತ್ತೆಮಾಡುತ್ತಿದ್ದಂತೆಯೇ ಇದು.

ಜೋಡಿ ಎಳೆಯ ಈ ಪ್ರಭಾವವನ್ನು 1998ರಲ್ಲಿ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೋ ಎಂಬ ಅಮೆರಿಕದ ವಿಜ್ಞಾನಿಗಳು ಒಂದು ಸಣ್ಣ ಹುಳುವಿನಲ್ಲಿ ತೋರಿಸಿದರು. ಅವರಿಗೆ 2006ರಲ್ಲಿ ನೊಬೆಲ್ ಬಹುಮಾನವು ಸಂದಿತು. ಗಿಡಗಳೂ ಕೀಟಗಳೂ ಇದೇ ಉಪಾಯದಿಂದ ವೈರಸ್ಸುಗಳನ್ನು ತಡೆಯುವುವು. ಹಾಲೂಡುವ ಪ್ರಾಣಿಗಳಲ್ಲಿಯಾದರೋ 1957ರಲ್ಲಿ ಕಂಡುಹಿಡಿಯಲ್ಪಟ್ಟ ಇಂಟರ್‌ಫೆರಾನ್ ಎಂಬ ವಸ್ತುವೇ ಪ್ರಧಾನ ರಕ್ಷಕವಾದುದರಿಂದ, ಅವುಗಳಲ್ಲಿ ಈ ಉಪಾಯವೂ ಉಂಟೆ ಎಂಬುದು ಬಹುಕಾಲ ವಿವಾದಾಸ್ಪದವಾಗಿತ್ತು.

2013ರಲ್ಲಿ ಇದಕ್ಕೆ ಬಲವಾದ ಸಾಕ್ಷ್ಯವು ದೊರೆಯಿತು. ನೋಡಮುರ ಎಂಬ ವೈರಸ್ಸು ಕೋಶದ ಈ ಕತ್ತರಿಯನ್ನು ಮೊಂಡುಮಾಡುವ ಬಿ2 ಎಂಬ ವಸ್ತುವನ್ನು ಉತ್ಪತ್ತಿಮಾಡುವುದು. ಬಿ2 ಉಳ್ಳ ವೈರಸ್ಸು ತಗಲಿದ ಇಲಿಮರಿಗಳು ಸತ್ತವು. ಬಿ2 ಇಲ್ಲದಂತೆ ಮಾಡಿದ ವೈರಸ್ಸು ತಗಲಿದವು ಬದುಕಿದವು. ಬದುಕಿದವುಗಳ ಕೋಶಗಳಲ್ಲಿ ಮೇಲೆ ಹೇಳಿದ ತುಂಡುಗಳು ಹೇರಳವಾಗಿ ಕಂಡುಬಂದವು. 2024ರಲ್ಲಿ ಕ್ಯಾಲಿಫೋರ್ನಿಯದ ರಿವರ್‌ಸೈಡ್ ವಿಶ್ವವಿದ್ಯಾನಿಲಯದವರು ಇಂಥ ದುರ್ಬಲ ವೈರಸ್ಸನ್ನೇ ಲಸಿಕೆಯಾಗಿ ಪ್ರಯೋಗಿಸಿದರು. ಲಸಿಕೆಯ ಫಲಕ್ಕೆ ಸಾಮಾನ್ಯವಾಗಿ ಆಧಾರವಾದ ರಕ್ತಕಣಗಳೇ ಇಲ್ಲದೆ ಹುಟ್ಟಿದ ಇಲಿಗಳು ಸಹ ಇದರಿಂದ ಮಾರಕ ಸೋಂಕನ್ನು ತಡೆದುಕೊಂಡವು.

ಇದು ಇನ್ನೂ ಇಲಿಗಳ ಮೇಲಿನ ಪ್ರಯೋಗ. ಪ್ರಾಣಿಗೆ ಸ್ವಂತ ರಕ್ಷಣೆಯಿದೆಯೆಂದು ನಂಬಿ ಲಸಿಕೆಯನ್ನು ಅಲಕ್ಷಿಸುವುದು ಅಪಾಯಕರ. ಆ ರಕ್ಷಣೆಯನ್ನು ಮುರಿಯುವ ಆಯುಧವು ವೈರಸ್ಸಿನಲ್ಲಿಯೂ ಇರಬಹುದೆಂಬುದೇ ಇಲ್ಲಿಯ ಪಾಠ. ಆದುದರಿಂದ ಕರು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲನ್ನು ಕುಡಿಸಬೇಕು. ಕಾಲುಬಾಯಿ ಜ್ವರದ ಲಸಿಕೆಯನ್ನು 4 ತಿಂಗಳು ತುಂಬಿದ ಮೇಲೆ ಮೊದಲನೆಯ ಸಲ ಹಾಕಿಸಿ, 1 ತಿಂಗಳ ತರುವಾಯ ಮತ್ತೊಮ್ಮೆಯೂ, ಆ ಮೇಲೆ 6 ತಿಂಗಳಿಗೊಮ್ಮೆಯೂ ಹಾಕಿಸತಕ್ಕದ್ದು. ಸಂತೆಯಿಂದ ತಂದ ದನವನ್ನು ಕೆಲವು ದಿನ ಬೇರೆ ಕಟ್ಟತಕ್ಕದ್ದು. ಮುಖಂಡರು ತಮ್ಮ ಹಟ್ಟಿಯಲ್ಲಿ ಮೊದಲು ಇದನ್ನು ಆಚರಿಸಿದರೆ ಊರಿನ ಉಳಿದವರೂ ಅನುಸರಿಸುವರು.