ಮೊರಾಕೊದ ಊಟ, ಕಲಬುರಗಿಯ ದಸ್ತರ್‌ಖಾನ್

ಪ್ರವಾದಿ ಮುಹಮ್ಮದ್(ಸ)ರ ನೆರೆಯಲ್ಲಿ ಪರ್ಷಿಯಾ ಮೂಲದ ಒಬ್ಬ ವ್ಯಕ್ತಿ ಇದ್ದ. ಸಾರು ಮಾಡುವುದರಲ್ಲಿ ಅವನದು ಎತ್ತಿದ ಕೈ. ಒಂದು ದಿನ ಅಡುಗೆ ಮಾಡಿ ಪ್ರವಾದಿವರ್ಯರನ್ನು(ಸ) ಊಟಕ್ಕೆ ಕರೆಯಲು ಬಂದ. ಅವರು ಆಯಿಶಾ(ರ)ರನ್ನು ತೋರಿಸಿ, ಇವರೂ ಬರಬಹುದೇ ಎಂದು ಕೇಳಿದರು. ಅವನು ಇಲ್ಲವೆಂದ. ಹಾಗಾದರೆ ತಾನೂ ಬರುವುದಿಲ್ಲ ಎಂದರು. ಅವನು ಮತ್ತೆ ಕರೆದ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಅವನು ಒಪ್ಪಿದ. ಆಗ ಇಬ್ಬರೂ ಎದ್ದು, ಒಬ್ಬರ ಹಿಂದೆ ಒಬ್ಬರು ಬೇಗ ಬೇಗ ಹೆಜ್ಜೆ ಹಾಕುತ್ತಾ ಅವನ ಮನೆಗೆ ಹೋದರು. ಅನಸ್(ರ) ವರದಿ ಮಾಡಿರುವ ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ.

ಸಹೋದರಿಯರೇ, ಹೊರಗೆ ಊಟಕ್ಕೆ ಹೋಗುವ ಮಾತು ಬಂದಾಗ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಯೇ ಬೇರೆ. ಹೆಂಗಸರು ಹೋಟೆಲಿನಲ್ಲಿ ಕೂತು ತಿನ್ನುವುದು ಸರಿಯೇ ಎಂದು ಕೇಳುತ್ತಾರೆ. ಗಂಡಸರು ಕೂತು ತಿನ್ನುವುದು ಸರಿಯೇ ಎಂದು ಯಾರಾದರೂ ಕೇಳಿದ್ದು ನಿಮಗೆ ನೆನಪಿದೆಯೇ? ನನಗಂತೂ ಇಲ್ಲ.

ಕಲಬುರಗಿಯ ತಹರಿಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ದೊಡ್ಡ ದೊಡ್ಡ ಡೇಗುಗಳ ಮುಚ್ಚಳ ತೆಗೆದರೆ ಅರಿಸಿನ ಬಣ್ಣದ ಅನ್ನದ, ಮಾಂಸದ ಘಮ ಇಡೀ ಗಲ್ಲಿಗೆ ಹರಡುತ್ತದೆ. ಹಮಾಲರು, ಆಟೋದವರು, ಕೆಲಸಕ್ಕೆ ಹೊರಟವರು, ಕಾಲೇಜು ಹುಡುಗರು ಬೆಂಚಿನ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕೂತು ಬಿಸಿ ಬಿಸಿ ತಿನ್ನುತ್ತಾರೆ. ನಮಗೆ ಅದು ಪಾರ್ಸೆಲ್ಲಾಗಿ ಬರುತ್ತದೆ, ಅದೂ ಆರಿದ ಮೇಲೆ. ಊರಿಗೆ ಹೆಸರು ತಂದ ತಿಂಡಿಯನ್ನು ಊರಿನ ಅರ್ಧ ಜನ ಬಿಸಿಯಾಗಿ ತಿಂದೇ ಇಲ್ಲ!

ಇತ್ತೀಚಿನ ವರ್ಷಗಳಲ್ಲಿ ಈ ಸ್ಥಿತಿ ಕೊಂಚ ಬದಲಾದದ್ದು ಮಂದಿ ಊಟದಿಂದ. ನಮ್ಮ ಕಡೆ 'ಮಂದಿ' ಅಂದರೆ ಜನ. ಹಾಗಾಗಿ ಆ ಬೋರ್ಡನ್ನು ಮೊದಲು ಓದಿದವರಿಗೆ ನಗು ಬಂದದ್ದು ಸಹಜ. ಇದು ಅರಬಿ ಪದ, ತೇವ ಎಂಬ ಅರ್ಥದ ಮೂಲದಿಂದ ಬಂದದ್ದು. ಯಮನಿನ ಹಳ್ಳಿಗಳಲ್ಲಿ ನೆಲದೊಳಗಿನ ತಂದೂರಿನಲ್ಲಿ ಅನ್ನದ ಪಾತ್ರೆಯ ಮೇಲೆ ಮಾಂಸ ಇಟ್ಟು, ಬಾಯಿ ಮುಚ್ಚಿ ಬೇಯಿಸುತ್ತಾರೆ. ಮಾಂಸದ ಜಿಡ್ಡು ಹನಿ ಹನಿಯಾಗಿ ಅನ್ನಕ್ಕೆ ಇಳಿಯುತ್ತದೆ. ಯಮನಿನ ಹದ್ರಮೌತ್ ಪ್ರದೇಶದ ಅರಬರು ಹಿಂದೆ ಹೈದರಾಬಾದ್ ನಿಜಾಮರ ಸೈನ್ಯದಲ್ಲಿದ್ದರು. ಅವರಿದ್ದ ಬ್ಯಾರಕ್ಸ್‌ಗೆ ಜನರ ಬಾಯಲ್ಲಿ ಬಾರ್ಕಸ್ ಎಂಬ ಹೆಸರು ಬಂತು. ಮಂದಿ ಅಂಗಡಿಗಳಿಗೆ ಹೈದರಾಬಾದಿನಲ್ಲಿ ಮೊದಲು ಹೆಸರಾದದ್ದು ಅದೇ ಬಡಾವಣೆ. ನಮ್ಮ ಜಿಲ್ಲೆಯೂ 1948ರವರೆಗೆ ಅದೇ ನಿಜಾಮರ ಆಳ್ವಿಕೆಯಲ್ಲಿತ್ತಲ್ಲ, ಊಟಕ್ಕೆ ದಾರಿ ಹೊಸದೇನಲ್ಲ.

ಮಂದಿ ಅಂಗಡಿಯ ರುಚಿಗಿಂತ ನನಗೆ ಹಿಡಿಸಿದ್ದು ಅದರ ಕೂರುವ ವ್ಯವಸ್ಥೆ. ಪರದೆ ಎಳೆದ ಪುಟ್ಟ ಕೋಣೆ, ನೆಲದ ಮೇಲೆ ಗಾದಿ, ನಡುವೆ ಒಂದೇ ದೊಡ್ಡ ತಟ್ಟೆ. ಬುರ್ಖಾದ ನಕಾಬು ತೆಗೆದು ನಿಶ್ಚಿಂತೆಯಿಂದ ತಿನ್ನಬಹುದು. ಬಡಿಸುತ್ತಾ ನಿಲ್ಲಬೇಕಾದವರು ಯಾರೂ ಇಲ್ಲ. ಅಜ್ಜಿ, ಸೊಸೆ, ಮೊಮ್ಮಗಳು ಒಟ್ಟಿಗೇ ಬಿಸಿಯಾಗಿ ತಿನ್ನುತ್ತಾರೆ. ಒಟ್ಟಾಗಿಯಾದರೂ ಬೇರೆ ಬೇರೆಯಾಗಿಯಾದರೂ ಉಣ್ಣುವುದರಲ್ಲಿ ತಪ್ಪಿಲ್ಲವೆಂದು ಸೂರಃ ಅನ್ನೂರ್‌ನಲ್ಲಿ ಹೇಳಲಾಗಿದೆ. ಸೊಸೆ ಕೊನೆಗೆ, ಉಳಿದದ್ದನ್ನು ಉಣ್ಣಬೇಕು ಎಂಬುದು ಮಾತ್ರ ಎಲ್ಲೂ ಇಲ್ಲ.

ಇನ್ನು, ಊಟದ ಜೊತೆ ಆಟ-ಹಾಡು ಇರುವ ಜಾಗಗಳ ವಿಷಯಕ್ಕೆ ಬರೋಣ. ನಮ್ಮ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿಯಲ್ಲಿದ್ದಾರೆ. ನನ್ನ ಪರಿಚಯದ ಒಬ್ಬ ಖಾಲಾ ಮಗನ ಬಳಿ ಹೋಗಿದ್ದಾಗ, ಅವನು ಪ್ರೀತಿಯಿಂದ ಅವರನ್ನು ಒಂದು ಮೊರಾಕೊ ಹೋಟೆಲಿಗೆ ಕರೆದೊಯ್ದ. ಕಂದೀಲು, ಬಣ್ಣದ ಹೆಂಚು, ಮಣ್ಣಿನ ಪಾತ್ರೆಯಲ್ಲಿ ಊಟ, ಎಲ್ಲವೂ ಚೆನ್ನಾಗಿತ್ತಂತೆ. ಅಷ್ಟರಲ್ಲಿ ದೀಪ ಮಂಕಾಗಿ, ತುಂಡು ಬಟ್ಟೆಯ ಹುಡುಗಿಯೊಬ್ಬಳು ಮೇಜುಗಳ ನಡುವೆ ಸೊಂಟ ಕುಣಿಸುತ್ತಾ ಬಂದಳು. ಮಗ ತಲೆ ತಗ್ಗಿಸಿದ. ಖಾಲಾ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದು, ಕೊನೆಗೆ ಕೇಳಿದರಂತೆ: "ಬೇಟಾ, ಆ ಹುಡುಗಿ ಊಟ ಮಾಡ್ಯಾಳೇನು ಕೇಳು. ಮಾರಿ ಬಾಡೇದ."

ಆ ಕುಣಿತ ಮೊರಾಕೊ ಸಂಸ್ಕೃತಿ ಎಂದು ಹೋಟೆಲಿನವರು ಹೇಳುತ್ತಾರೆ. ಅರಬಿಯಲ್ಲಿ ಅದರ ಹೆಸರು ರಕ್ಸ್ ಶರ್ಕಿ, ಅಂದರೆ ಪೂರ್ವದ ನೃತ್ಯ. ಈಜಿಪ್ಟಿನ ಕಡೆಯಿಂದ ಪ್ರಸಿದ್ಧಿಗೆ ಬಂದದ್ದು. ಮೊರಾಕೊವನ್ನು ಅರಬರು ಕರೆಯುವುದು ಮಗ್ರಿಬ್ ಎಂದು. ಸೂರ್ಯ ಮುಳುಗುವ ದಿಕ್ಕು, ನಾವು ಸಂಜೆ ಮಾಡುವ ಮಗ್ರಿಬ್ ನಮಾಝಿನ ಅದೇ ಪದ. ಪೂರ್ವದ ಕುಣಿತಕ್ಕೆ ಪಶ್ಚಿಮದ ಹೆಸರು ಅಂಟಿಸಿ, ಎರಡಕ್ಕೂ ಇಸ್ಲಾಮಿನ ಬಣ್ಣ ಬಳಿದು ಮಾರುತ್ತಾರೆ. ಹೊರಗಿನವರು ನೋಡಿ, ಮುಸ್ಲಿಮರ ಮನೆಯೂಟ ಹೀಗೇ ಇರುತ್ತದೆಂದು ನಂಬುತ್ತಾರೆ.

ನಿಜವಾದ ಮೊರಾಕೊ ಊಟ ನಿಮ್ಮ ಮನೆಯದಕ್ಕೆ ಬಹಳ ಹತ್ತಿರ. ಊಟಕ್ಕೆ ಮೊದಲು ತಂಬಿಗೆ ಮತ್ತು ಬೋಗುಣಿ ಹಿಡಿದು ಅತಿಥಿಗಳ ಬಳಿಗೇ ಬಂದು ಕೈ ತೊಳೆಸುವುದು ಅಲ್ಲಿನ ಪದ್ಧತಿ. ನಮ್ಮ ಹಳೆಯ ಮನೆಗಳಲ್ಲಿ ಚಿಲಮ್ಚಿ ಇಟ್ಟು ಕೈ ತೊಳೆಸುತ್ತಿದ್ದದ್ದು ಹಿರಿಯರಿಗೆ ನೆನಪಿರುತ್ತದೆ. ಬಿಸ್ಮಿಲ್ಲಾ ಹೇಳಿ ಒಂದೇ ತಟ್ಟೆಯಿಂದ ಎಲ್ಲರೂ ಬಲಗೈಯಲ್ಲಿ, ತಮ್ಮ ಮುಂದಿನ ಭಾಗವನ್ನಷ್ಟೇ ತಿನ್ನಬೇಕು. ಪ್ರವಾದಿವರ್ಯರು(ಸ) ಪುಟ್ಟ ಹುಡುಗನೊಬ್ಬನಿಗೆ ಕಲಿಸಿದ ಶಿಷ್ಟಾಚಾರ ಇದೇ. ತಜೀನ್ ಎಂಬುದು ಶಂಕುವಿನಂಥ ಮುಚ್ಚಳವಿರುವ ಮಣ್ಣಿನ ಪಾತ್ರೆ. ಮೇಲೇರಿದ ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಮಾಂಸ, ತರಕಾರಿ ಸ್ವಲ್ಪವೇ ನೀರಿನಲ್ಲಿ ಸಣ್ಣ ಕೆಂಡದ ಮೇಲೆ ಬೇಯುತ್ತವೆ. ಹರೀರಾ ಎಂಬುದು ಟೊಮೆಟೊ, ಬೇಳೆ, ಕಡಲೆ ಹಾಕಿದ ಗಟ್ಟಿ ಸಾರು. ರಮಝಾನಿನಲ್ಲಿ ಖರ್ಜೂರದ ಜೊತೆ ಇದಿಲ್ಲದೆ ಅಲ್ಲಿ ಇಫ್ತಾರ್ ಇಲ್ಲ. ಶುಕ್ರವಾರ ಜುಮಾ ಮುಗಿದ ಮೇಲೆ ಕುಸ್ಕುಸ್. ಗೋಧಿ ರವೆಗೆ ನೀರು ಚಿಮುಕಿಸಿ, ಹೆಂಗಸರು ಒಟ್ಟಾಗಿ ಕೂತು ಅಂಗೈಯಲ್ಲಿ ಉಜ್ಜಿ ಉಜ್ಜಿ ಸಣ್ಣ ಕಾಳು ಮಾಡುತ್ತಾರೆ. ನಮ್ಮಲ್ಲಿ ಬೇಸಿಗೆಯಲ್ಲಿ ಶಾವಿಗೆ ಹೊಸೆಯಲು ಕೂರುತ್ತಿದ್ದಂತೆಯೇ. 2020ರಲ್ಲಿ ಮೊರಾಕೊ, ಅಲ್ಜೀರಿಯಾ, ಟ್ಯುನೀಶಿಯಾ, ಮಾರಿಟೇನಿಯಾ ನಾಲ್ಕೂ ದೇಶಗಳ ಕುಸ್ಕುಸ್ ಕಲೆಯನ್ನು ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಬಂದದ್ದು ಈ ಹೆಂಗಸರ ಅಂಗೈಗಳಿಗೆ.

ಹಾಗೆಂದು ಅಲ್ಲಿ ಊಟದ ಜೊತೆ ಮನರಂಜನೆ ಇಲ್ಲವೆಂದಲ್ಲ. ಮರ‍್ರಾಕಿಶ್ ಪಟ್ಟಣದ ಜಮಾ ಅಲ್-ಫನಾ ಚೌಕದಲ್ಲಿ ಸಂಜೆಯಾದರೆ ಸಾಲು ಸಾಲು ತಿಂಡಿ ಅಂಗಡಿಗಳು, ಹೊಗೆ, ಜನ. ಪಕ್ಕದಲ್ಲೇ ಕಥೆಗಾರರು, ಅವರ ಸುತ್ತ ಕೇಳುವವರ ವೃತ್ತ. 2001ರಲ್ಲಿ ಯುನೆಸ್ಕೊ ಈ ಚೌಕದ ಸಂಸ್ಕೃತಿಯನ್ನೂ ಗೌರವಿಸಿತು.

ಮೊರಾಕೊದವರೊಬ್ಬರು ನಮ್ಮ ಕರ್ನಾಟಕದಲ್ಲಿ ಊಟಕ್ಕೆ ಕೂತ ಕಥೆ ನಿಮಗೆ ಗೊತ್ತೇ? 1304ರಲ್ಲಿ ಟ್ಯಾಂಜಿಯರ್‌ನಲ್ಲಿ ಹುಟ್ಟಿದ ಇಬ್ನ್ ಬತೂತಾ ಹದಿನಾಲ್ಕನೇ ಶತಮಾನದ ನಡುವಿನಲ್ಲಿ ನಮ್ಮ ಹೊನ್ನಾವರಕ್ಕೆ ಬಂದರು. ಅಲ್ಲಿನ ಸುಲ್ತಾನ ಜಮಾಲುದ್ದೀನರ ಮನೆಯೂಟವನ್ನು ಅವರು ಬರೆಸಿದ್ದು ಎಷ್ಟು ವಿವರವಾಗಿದೆಯೆಂದರೆ ಇಂದು ಓದಿದರೂ ಹಸಿವಾಗುತ್ತದೆ. ತಾಮ್ರದ ತಟ್ಟೆ, ಒಂದು ಸೌಟು ಅನ್ನ, ಮೇಲೆ ತುಪ್ಪ, ಉಪ್ಪಿಗೆ ಹಾಕಿದ ಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವು. ಮತ್ತೊಂದು ಸೌಟು ಅನ್ನಕ್ಕೆ ಕೋಳಿ, ಆಮೇಲೆ ಮೀನು, ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ, ಕೊನೆಗೆ ಮಜ್ಜಿಗೆ. ಬಾಳೆ ಎಲೆಯ ಮುಂದೆ ಕೂತ ಯಾವ ಕನ್ನಡಿಗನಿಗೂ ಈ ಕ್ರಮ ಪರಿಚಿತ. ಹನ್ನೊಂದು ತಿಂಗಳು ರೊಟ್ಟಿಯಿಲ್ಲದೆ ಬರೀ ಅನ್ನ ತಿಂದೆನೆಂಬ ಸಣ್ಣ ದೂರೂ ಇದೆ. ಪಾಪ, ಕಲಬುರಗಿಗೆ ಬಂದಿದ್ದರೆ ಜೋಳದ ರೊಟ್ಟಿ ಸಿಗುತ್ತಿತ್ತು!

ಅದೇ ಹೊನ್ನಾವರದ ಮುಸ್ಲಿಂ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರು, ಪಟ್ಟಣದಲ್ಲಿ ಹುಡುಗಿಯರಿಗೆ 13 ಮತ್ತು ಹುಡುಗರಿಗೆ 23 ಶಾಲೆಗಳಿವೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದೂ ಅವರು ಬೆರಗಾಗಿದ್ದಾರೆ. ಆದರೆ ಸುಲ್ತಾನರ ಊಟದಲ್ಲಿ ಅನ್ನ ಬಡಿಸಿದವಳು ರೇಷ್ಮೆ ಉಟ್ಟ ಒಬ್ಬ ಸುಂದರ ದಾಸಿ. ಉಪ್ಪಿನಕಾಯಿಯ ಹೆಸರು ಬರೆಸಿದವರು ಅವಳ ಹೆಸರು ಬರೆಸಲಿಲ್ಲ. ನಮ್ಮ ಖಾಲಾ ಕೇಳಿದ ಪ್ರಶ್ನೆಯನ್ನು ಅಂದು ಆ ಪಂಕ್ತಿಯಲ್ಲಿ ಯಾರೂ ಕೇಳಿರಲಾರರು.

ಹಾಡು, ಆಟ ಎಂದ ಕೂಡಲೇ ಹರಾಮ್ ಎಂದು ಬಾಗಿಲು ಮುಚ್ಚುವವರಿದ್ದಾರೆ. ವಾದ್ಯಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹೆಚ್ಚಿನವರು ನಿಷಿದ್ಧವೆಂದಿದ್ದಾರೆ, ಕೆಲವರು ಷರತ್ತಿನೊಂದಿಗೆ ಅನುಮತಿಸಿದ್ದಾರೆ. ಆ ಚರ್ಚೆಯನ್ನು ಇಲ್ಲಿ ಬಗೆಹರಿಸುವುದು ನನ್ನ ಕೆಲಸವಲ್ಲ. ಆದರೆ ಮದರಸಾದಲ್ಲಿ ಹದೀಸ್ ಓದಿದ ಯಾರೂ ಮರೆಯಬಾರದ ಘಟನೆಗಳಿವೆ. ಈದ್ ದಿನ ಇಬ್ಬರು ಹುಡುಗಿಯರು ದಫ್ ಬಾರಿಸಿ ಹಾಡುತ್ತಿದ್ದಾಗ ಅಬೂಬಕರ್(ರ) ಗದರಿದರು. ಪ್ರವಾದಿವರ್ಯರು(ಸ) ಇಂದು ಹಬ್ಬ, ಬಿಟ್ಟುಬಿಡಿ ಎಂದರು. ಅಬಿಸೀನಿಯಾದವರು ಮಸೀದಿಯಲ್ಲಿ ಭರ್ಚಿಯಾಟ ಆಡಿದಾಗ, ಆಯಿಶಾ(ರ)ರು ತಾವಾಗಿ ದಣಿಯುವವರೆಗೂ ಅವರಿಗೆ ಮರೆಯಾಗಿ ನಿಂತು ತೋರಿಸಿದರು. ಮದ್ಯ ಹರಿದಾಡುವ ಮೇಜಿನಲ್ಲಿ ಕೂರಬಾರದು ಎಂಬ ಆದೇಶವೂ ಅಷ್ಟೇ ಸ್ಪಷ್ಟ. ಹಬ್ಬದ ಸಂತೋಷಕ್ಕೂ ಹೆಣ್ಣಿನ ಮೈಯ ವ್ಯಾಪಾರಕ್ಕೂ ನಡುವೆ ಗೆರೆ ಎಳೆಯುವುದು ಇಷ್ಟರಿಂದ ಕಷ್ಟವಾಗಬಾರದು.

ಈ ವ್ಯಾಪಾರ ದೂರದ ದೇಶದ್ದು ಮಾತ್ರವಲ್ಲ. ಬೆಂಗಳೂರಿನಲ್ಲಿ 'ಲೈವ್ ಬ್ಯಾಂಡ್' ಎಂದರೆ ಏನೆಂದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಅಂಥ ಹೋಟೆಲುಗಳಿಗೆ ಪರವಾನಗಿ ಕಡ್ಡಾಯ ಮಾಡಿದ ಆದೇಶ ಬಂದದ್ದು 2005ರಲ್ಲಿ. ಹೋಟೆಲ್ ಮಾಲಿಕರು ಸುಪ್ರೀಂ ಕೋರ್ಟಿನವರೆಗೂ ಹೋದರು. 2018ರ ಜನವರಿಯಲ್ಲಿ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಇಂಥ ಸುದ್ದಿ ಬಂದಾಗಲೆಲ್ಲ ಕುಣಿಯುವ ಹುಡುಗಿಯರ ನಡತೆಯ ಬಗ್ಗೆ ಧಾರಾಳವಾಗಿ ಮಾತನಾಡುತ್ತೇವೆ. ಅಲ್ಲಿ ಹಣ ಚೆಲ್ಲುವವರು ಯಾರ ಗಂಡಂದಿರು, ಯಾರ ಅಪ್ಪಂದಿರು ಎಂಬ ಮಾತು ಮಾತ್ರ ಹೊರಬರುವುದಿಲ್ಲ.

ಊಟಕ್ಕೂ ಹಾಡಿಗೂ ಕಲಬುರಗಿಯಲ್ಲಿ ಹಳೆಯ ನಂಟಿದೆ. 1422ರಲ್ಲಿ ಇಲ್ಲೇ ನಿಧನರಾದ ಖ್ವಾಜಾ ಬಂದೇ ನವಾಝರ ಉರೂಸ್ ಝುಲ್‌ಕಅದ್ ತಿಂಗಳಲ್ಲಿ ನಡೆಯುತ್ತದೆ. ಕವ್ವಾಲಿ, ತಿಂಡಿ ಅಂಗಡಿಗಳು, ಎಲ್ಲ ಧರ್ಮದ ಜನ. ದರ್ಗಾದ ಆಚರಣೆಗಳ ಬಗ್ಗೆ ನಿಮ್ಮ ಅಭಿಪ್ರಾಯ ನನ್ನದಕ್ಕಿಂತ ಬೇರೆಯಿರಬಹುದು. ನಾನು ಹೇಳಹೊರಟದ್ದು ಚಕ್ಕಿನಾಮಾಗಳ ಬಗ್ಗೆ. ಹೆಂಗಸರು ಬೀಸುವಾಗ ಹಾಡಿಕೊಳ್ಳಲೆಂದು ದಖನಿ ಭಾಷೆಯಲ್ಲಿ ರಚಿತವಾದ ಈ ಹಾಡುಗಳಲ್ಲಿ ಕೆಲವು ಖ್ವಾಜಾರ ಹೆಸರಿನಲ್ಲಿ ಪ್ರಚಲಿತವಾಗಿವೆ. ಬೀಸುವ ಕಲ್ಲಿನ ಗೂಟ ಹಿಡಿದು, ಅಲ್ಲಾಹನ ಹೆಸರು ಹೇಳುತ್ತಾ ಹಿಟ್ಟು ಬೀಸುವುದು. ಕೈಗೂ ಕೆಲಸ, ಮನಸ್ಸಿಗೂ ಆಹಾರ. ಈಗ ಮಿಲ್ಲು, ಮಿಕ್ಸಿ ಬಂದಿವೆ. ಅವುಗಳ ಸದ್ದಿನಲ್ಲಿ ಹಾಡಲು ಆಗುವುದಿಲ್ಲ ಬಿಡಿ.

ಹಾಗಾದರೆ ಹೊರಗೆ ಹೋಗಬೇಕೇ, ಬೇಡವೇ? ಹೋಗಿ. ಮದ್ಯವಿಲ್ಲದ, ನೀವು ನಿಶ್ಚಿಂತೆಯಿಂದ ಕೂರಬಹುದಾದ ಜಾಗ ಹುಡುಕಿ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹೋಗಿ. ಮನೆಯ ಖರ್ಚಿನಲ್ಲಿ ಅದಕ್ಕೊಂದು ಲೆಕ್ಕವಿಡಿ. ಗಂಡ ಗೆಳೆಯರೊಡನೆ ಚಹಾ, ಬಿರಿಯಾನಿಗೆ ಮಾಡುವ ಖರ್ಚನ್ನೂ ಅದೇ ಪುಟದಲ್ಲಿ ಬರೆಯಿರಿ, ಆಗ ವಾದ ಬೇಗ ಮುಗಿಯುತ್ತದೆ. ಏನು ತರಿಸಬೇಕೆಂದು ಮನೆಯ ಹಿರಿಯ ಹೆಂಗಸನ್ನು ಮೊದಲು ಕೇಳಿ. ಎಷ್ಟೋ ಅಮ್ಮಿಯರಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. "ನಿಮಗೇನು ಬೇಕೋ ಅದೇ" ಎನ್ನುತ್ತಾರೆ. ಬಿಡಬೇಡಿ, ಮೂರು ಸಲ ಕೇಳಿ.

ಹಣ ಇಲ್ಲದಿದ್ದರೂ ದಾರಿಯಿದೆ. ಕಮಲಾಪುರದಲ್ಲಿ ನಮ್ಮ ಅಕ್ಕನ ಮನೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಒಂದು ಗಂಟೆಯೊಳಗಿನ ಹಾದಿ. ಹೆದ್ದಾರಿಯ ಢಾಬಾಗಳಲ್ಲಿ ಹೆಂಗಸರು ಕೂರುವಂತಿಲ್ಲ, ಕೂತರೂ ಲಾರಿಯವರ ಕಣ್ಣೆಲ್ಲ ಇತ್ತಲೇ. ಆದ್ದರಿಂದ ಅವರು ಕಳೆದ ಬಕ್ರೀದಿನ ಮೂರನೇ ದಿನ ಹೊಲಕ್ಕೇ ಊಟ ಒಯ್ದರು. ಷರತ್ತು ಒಂದೇ: ಒಲೆ ಹಚ್ಚುವುದರಿಂದ ಪಾತ್ರೆ ತೊಳೆಯುವವರೆಗೆ ಎಲ್ಲವೂ ಗಂಡಸರ ಪಾಲು. ಭಾವ ಮತ್ತು ಅವರ ತಮ್ಮಂದಿರು ಬಘಾರ ಖಾನಾ, ದಾಲ್ಚಾ ಮಾಡಿದರು. ಅನ್ನ ತುಸು ಮುದ್ದೆಯಾಗಿತ್ತು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಊರಿನ ಕೆಂಪು ಬಾಳೆಹಣ್ಣು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಹಣ್ಣು ದುಬಾರಿ. ಬೆಳೆಯುವ ಊರಿನ ಮಕ್ಕಳೂ ದಿನಾ ತಿನ್ನುವಂಥದ್ದಲ್ಲ. ಊಟವಾದ ಮೇಲೆ ಅಕ್ಕನ ಅತ್ತೆ ಯೂಸುಫ್(ಅ)ರ ಕಥೆ ಹೇಳಿದರು. ಎಂಬತ್ತರ ಹತ್ತಿರದ ಮುದುಕಿ, ಓದು ಬಾರದು. ಆದರೆ ಬಾವಿಯ ಭಾಗ ಬಂದಾಗ ಮಕ್ಕಳು ಮೊಬೈಲ್ ಕೆಳಗಿಟ್ಟಿದ್ದನ್ನು ನಾನೇ ನೋಡಿದ್ದೇನೆ.

ಕೊನೆಗೆ ಮೊರಾಕೊದ ಪುದೀನ ಚಹಾ ಮಾಡಿದ್ದು ನನ್ನ ಸೋದರಳಿಯ. ನೀವೂ ಮಾಡಬಹುದು. ಎರಡು ಚಮಚ ಗ್ರೀನ್ ಟೀ ಎಲೆಗೆ ಸ್ವಲ್ಪ ಬಿಸಿನೀರು ಹಾಕಿ ಅಲುಗಿಸಿ ಚೆಲ್ಲಿ, ಕಹಿ ಹೋಗುತ್ತದೆ. ಮತ್ತೆ ನಾಲ್ಕು ಲೋಟ ಕುದಿಯುವ ನೀರು, ಒಂದು ಹಿಡಿ ತಾಜಾ ಪುದೀನ, ಸಕ್ಕರೆ ಹಾಕಿ ಐದು ನಿಮಿಷ ಮುಚ್ಚಿಡಿ. ಸೋಸುವಾಗ ಕೆಟಲನ್ನು ಎತ್ತರಕ್ಕೆ ಹಿಡಿದು ಸಣ್ಣ ಗಾಜಿನ ಲೋಟಕ್ಕೆ ಸುರಿಯಿರಿ, ಮೇಲೆ ನೊರೆ ಕಟ್ಟಬೇಕು. ಅಲ್ಲಿಯವರು ಸಕ್ಕರೆ ಬಹಳ ಹಾಕುತ್ತಾರೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಲೋಟವನ್ನು ಮೊದಲೇ ಬೇರೆ ತೆಗೆದಿಡಿ.