ಪ್ರವೇಶ ಪರೀಕ್ಷೆ: ಯಾವುದು? ಯಾವಾಗ?

ಹನ್ನೆರಡನೆಯ ತರಗತಿಯ ಮಕ್ಕಳಿರುವ ಮನೆಯಲ್ಲಿ ಸಂಕ್ರಾಂತಿ ಕಳೆದು ಬೇಸಗೆ ಮುಗಿಯುವವರೆಗೆ ನೆಮ್ಮದಿ ವಿರಳ. ಚೆನ್ನೈಯಲ್ಲಿ ನೆಲಸಿರುವ ಕನ್ನಡಿಗರಿಗಂತೂ ಈ ಕಳವಳ ಇಮ್ಮಡಿ. ಅವರ ಮಕ್ಕಳ ಮುಂದೆ ಎರಡು ರಾಜ್ಯಗಳ ಬಾಗಿಲುಗಳಿವೆ. ಎರಡಕ್ಕೂ ಬೀಗದ ಕೈ ಬೇರೆ ಬೇರೆ.

ತಮಿಳುನಾಡಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗಕ್ಕೆ ರಾಜ್ಯದ ಪ್ರವೇಶ ಪರೀಕ್ಷೆ 2007ರಿಂದ ಇಲ್ಲ. ಹನ್ನೆರಡನೆಯ ತರಗತಿಯ ಗಣಿತಕ್ಕೆ 100, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಿಗೆ ತಲಾ 50, ಹೀಗೆ 200 ಅಂಕಗಳ ಲೆಕ್ಕದಲ್ಲಿ ಅರ್ಹತೆ ನಿರ್ಣಯವಾಗುತ್ತದೆ. ಕರ್ನಾಟಕದಲ್ಲಾದರೋ ಸಿ.ಇ.ಟಿ. ಅಂಕಕ್ಕೆ ಅರ್ಧ, ಹನ್ನೆರಡನೆಯ ತರಗತಿಯ ಅಂಕಕ್ಕೆ ಅರ್ಧ ಮನ್ನಣೆ. ವೈದ್ಯಕೀಯಕ್ಕೆ ಎರಡೂ ಕಡೆ ನೀಟ್ ಪರೀಕ್ಷೆಯೇ ಗತಿ. ಅದು ವರ್ಷಕ್ಕೊಮ್ಮೆ ಮಾತ್ರ.

ಜೆ.ಇ.ಇ. ಮೇನ್ ಪರೀಕ್ಷೆ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಎರಡು ಬಾರಿ ನಡೆಯುತ್ತದೆ. ಎರಡರಲ್ಲಿ ಉತ್ತಮವಾದ ಫಲಿತಾಂಶವೇ ಗಣನೆಗೆ ಬರುತ್ತದೆ. ಆದುದರಿಂದ ಜನವರಿಯಲ್ಲಿ ಬರೆದರೆ ನಷ್ಟವೇನು ಎಂದು ಅನೇಕ ಪೋಷಕರು ಭಾವಿಸುತ್ತಾರೆ. ಅಂಕದ ನಷ್ಟವಿಲ್ಲ, ನಿಜ. ಆದರೆ ಕಾಲದ ನಷ್ಟವುಂಟು. ಡಿಸೆಂಬರಿನೊಳಗೆ ಪಾಠಗಳನ್ನು ಒಮ್ಮೆ ಪೂರ್ಣವಾಗಿ ಓದಿ ಮುಗಿಸಿದ ವಿದ್ಯಾರ್ಥಿಗೆ ಜನವರಿ ಸಕಾಲ. ಮುಗಿಸದವನು ಮಾರ್ಚಿಯ ಶಾಲಾ ಪರೀಕ್ಷೆಗೆ ಮೀಸಲಾಗಬೇಕಾದ ವಾರಗಳನ್ನು ಅದಕ್ಕೆ ತೆತ್ತರೆ, ತಮಿಳುನಾಡಿನ ಬಾಗಿಲು ತೆರೆಯುವ ಅಂಕಗಳನ್ನೇ ಕಳೆದುಕೊಂಡಾನು. ಅಂಥವನಿಗೆ ಏಪ್ರಿಲ್ ಲೇಸು.

ಇನ್ನೊಂದು ಪರೀಕ್ಷೆಯನ್ನು ಮಾತ್ರ ಹನ್ನೆರಡನೆಯ ತರಗತಿಗೆ ಮುಂದೂಡಲಾಗದು. ಹೊರನಾಡ ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ಸೀಟುಗಳಿಗೆ ಅರ್ಹತೆ ಬಯಸುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿ.ಇ.ಟಿ. ದಿನಗಳ ಆಸುಪಾಸಿನಲ್ಲಿ ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಮನೆಯಲ್ಲಿ ಸೊಗಸಾಗಿ ಕನ್ನಡ ಮಾತನಾಡುವ ಮಕ್ಕಳು ಒತ್ತಕ್ಷರ ಕಂಡೊಡನೆ ತಡವರಿಸುವುದು ಈ ನಗರದಲ್ಲಿ ಅಪರೂಪವಲ್ಲ. ಮಾತು ಬಲ್ಲವರಿಗೆ ಬರವಣಿಗೆ ಕಷ್ಟವಲ್ಲ. ಆದರೆ ಅದಕ್ಕೆ ಎಂಟನೆಯ ತರಗತಿಯ ರಜಾಕಾಲ ಬೇಕು, ಏಪ್ರಿಲಿನ ಅವಸರ ಸಲ್ಲದು. ಅರ್ಹತೆಯ ಷರತ್ತುಗಳನ್ನೂ ಪ್ರಾಧಿಕಾರದ ಆಯಾ ವರ್ಷದ ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳುವುದು ಜಾಣತನ.

ಆರೋಗ್ಯದ ಮಾತನ್ನೂ ಮರೆಯುವಂತಿಲ್ಲ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದೂ ನಿದ್ರೆಯಲ್ಲಿಯೇ. ರಾತ್ರಿ ಬೆಂಗಳೂರು ಮೇಲ್ ಹತ್ತಿ, ಬೆಳಗ್ಗೆ ಇಳಿದವರೇ ನೇರವಾಗಿ ಪರೀಕ್ಷಾ ಕೊಠಡಿಗೆ ಹೋಗುವ ಸಾಹಸ ಬೇಡ. ಒಂದು ದಿನ ಮುಂಚಿತವಾಗಿ ಬಂಧುಗಳ ಮನೆ ಸೇರುವುದು ಕ್ಷೇಮ.

ಎಲ್ಲ ಪರೀಕ್ಷೆಗಳಿಗೂ ಅರ್ಜಿ ಹಾಕಿಸುವುದು ಮುಂದಾಲೋಚನೆಯಲ್ಲ. ಹನ್ನೊಂದನೆಯ ತರಗತಿಯ ಆರಂಭದಲ್ಲಿಯೇ ತಂದೆತಾಯಿಗಳು ಮಕ್ಕಳೊಡನೆ ಕುಳಿತು, ಅವರ ಒಲವನ್ನು ಕೇಳಿ, ಎರಡು ಅಥವಾ ಮೂರು ಪರೀಕ್ಷೆಗಳನ್ನು ಆರಿಸಿಕೊಂಡರೆ ಸಾಕು. ಮಗುವಿನ ಸಿದ್ಧತೆಯನ್ನು ಕಂಡು ಕಾಲವನ್ನು ನಿಶ್ಚಯಿಸಬೇಕೇ ಹೊರತು, ನೆರೆಮನೆಯವರ ಅರ್ಜಿಯನ್ನು ಕಂಡಲ್ಲ.