ಕೇರಂ ಕೈ ಪೂಲ್ ಟೇಬಲ್‌ಗೆ ಹೋದಾಗ

ಮಾಗಡಿ ತಾಲ್ಲೂಕಿನ ಕುದೂರಿನಂಥ ಊರುಗಳಲ್ಲಿ ಹುಡುಗರ ಕೈ ಪಳಗುವುದು ಕೇರಂ ಬೋರ್ಡಿನ ಮೇಲೆ. ಪೂಲ್ ಟೇಬಲ್ ಎದುರಾಗುವುದು ಓದಿಗೋ ಕೆಲಸಕ್ಕೋ ಬೆಂಗಳೂರಿನ ಬಸ್ ಹತ್ತಿದ ಮೇಲೆ. ಆಗ ಒಬ್ಬರಲ್ಲ ಒಬ್ಬರು ಧೈರ್ಯ ಹೇಳುತ್ತಾರೆ: "ಕೇರಂ ಬಂದ್ರೆ ಸಾಕು, ಪೂಲ್ ತಾನಾಗೇ ಬರುತ್ತೆ."

ಮಾತು ಅರ್ಧ ನಿಜ. ಯಾವ ಚೆಂಡನ್ನು ಎಲ್ಲಿ ತಾಕಿಸಿದರೆ ಯಾವ ಕಡೆ ಓಡುತ್ತದೆ ಎಂಬ ಕಣ್ಣಂದಾಜು ಕೇರಂನವರಿಗೆ ಇದ್ದೇ ಇರುತ್ತದೆ. ಆದರೆ ಕೇರಂನಲ್ಲಿ ಸ್ಟ್ರೈಕರ್ ಪ್ರತಿ ಸಲ ಕೈಗೆ ವಾಪಸ್ ಬರುತ್ತದೆ, ಗೆರೆಯ ಮೇಲೆ ಅನುಕೂಲವಾದ ಕಡೆ ಇಟ್ಟುಕೊಳ್ಳಬಹುದು. ಗುಂಡಿಗೆ ಬೀಳದಿದ್ದರೆ ಸಾಕು, ಅದು ಎಲ್ಲಿ ಹೋಗಿ ನಿಂತರೂ ಚಿಂತೆಯಿಲ್ಲ. ಪೂಲ್‌ನಲ್ಲಿ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಮುಂದಿನ ಹೊಡೆತ. ಒಂದು ಚೆಂಡು ಸೊಗಸಾಗಿ ಪಾಟ್ ಮಾಡಿ, ಮರುಕ್ಷಣ ಬಿಳಿ ಚೆಂಡು ಟೇಬಲ್ಲಿನ ಅಂಚಿಗೆ ಅಂಟಿ ನಿಂತದ್ದು ಕಂಡು ತಲೆ ಕೆರೆದುಕೊಳ್ಳುವವರಲ್ಲಿ ಕೇರಂ ಶೂರರೇ ಹೆಚ್ಚು ಎಂದು ನನ್ನ ಅನುಮಾನ. ಬಾಗುವ ಮೊದಲೇ, ಬಿಳಿ ಚೆಂಡು ಎಲ್ಲಿ ನಿಲ್ಲಬೇಕು ಎಂದು ಬಾಯಿಬಿಟ್ಟು ಹೇಳಿ ಆಡಿದರೆ ಈ ಚಾಳಿ ಬೇಗ ಬಿಡುತ್ತದೆ.

"ಜೋರಾಗಿ ಹೊಡೆದ್ರೆ ಬೀಳುತ್ತೆ" ಎನ್ನುವುದು ಇನ್ನೊಂದು ನಂಬಿಕೆ. ಆಗುವುದು ತದ್ವಿರುದ್ಧ. ಮೆಲ್ಲಗೆ ಬಂದ ಚೆಂಡು ಪಾಕೆಟ್‌ನ ಅಂಚಿಗೆ ತಗುಲಿದರೂ ಒಳಗೆ ಜಾರಬಹುದು. ರಭಸದಿಂದ ಬಂದದ್ದು ಎರಡು ಅಂಚಿಗೂ ಬಡಿದು ಹೊರಗೆ ಚಿಮ್ಮುತ್ತದೆ. 15 ಗ್ರಾಂ ಮೀರದ ಸ್ಟ್ರೈಕರ್‌ಗೆ ಬೆರಳಿನ ಚಿಮ್ಮು ಬೇಕು, ಸರಿ. ಸುಮಾರು 170 ಗ್ರಾಂನ ಚೆಂಡಿಗೆ ಚಿಮ್ಮು ಬೇಡ, ಕೋಲು ನೇರವಾಗಿ ಚೆಂಡಿನಾಚೆಗೂ ಸಾಗಬೇಕು. ಚಾಕ್ ಶೋಕಿಗಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೇರಂ ಪೌಡರ್ ಇರುವುದು ಜಾರಲು, ಚಾಕ್ ಇರುವುದು ಕೋಲಿನ ತುದಿ ಜಾರದಿರಲು.

"ಹೊಡೆದಾಯ್ತಲ್ಲ, ಇನ್ನು ತಲೆ ಎತ್ತಿದ್ರೇನು?" ಈ ವಾದ ಕೇಳಲು ಚೆನ್ನಾಗಿದೆ. ಕೋಲಿನ ತುದಿ ಚೆಂಡಿಗೆ ತಾಕಿರುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ, ಆಮೇಲೆ ನೀವು ಕುಣಿದರೂ ಚೆಂಡಿಗೆ ಗೊತ್ತಾಗುವುದಿಲ್ಲ. ಆದರೆ ತಲೆ ಎತ್ತುವ ಆತುರ ಹೊಡೆತಕ್ಕೆ ಮೊದಲೇ ಹೆಗಲಿಗೆ ಬಂದಿರುತ್ತದೆ. ಹೆಗಲು ಎದ್ದರೆ ಕೋಲು ವಾಲುತ್ತದೆ. ಚೆಂಡು ಬಿದ್ದ ಸದ್ದು ಕೇಳುವವರೆಗೂ ಗಲ್ಲ ಕೋಲಿನ ಮೇಲೇ ಇರಲಿ.

"ಆಡ್ತಾ ಆಡ್ತಾ ಸರಿಹೋಗುತ್ತೆ, ಇದಕ್ಕೆಲ್ಲ ಕೋಚ್ ಯಾಕೆ?" ಬೆಂಗಳೂರಿನಲ್ಲೇ ಬೆಳೆದು ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ ಕಲಿತದ್ದು ಅರವಿಂದ್ ಸವೂರ್ ಅವರ ಕೈಕೆಳಗೆ. ತಪ್ಪನ್ನೇ ದಿನಾ ಆಡಿದರೆ ತಪ್ಪೇ ಗಟ್ಟಿಯಾಗುತ್ತದೆ. ಕೋಚ್ ಸಿಗದವರು ಗೆಳೆಯನ ಕೈಗೆ ಮೊಬೈಲ್ ಕೊಟ್ಟು ಎದುರಿನಿಂದ ವಿಡಿಯೋ ಮಾಡಿಸಿಕೊಳ್ಳಲಿ.

ಒಬ್ಬರೇ ಇದ್ದರೆ ಇನ್ನೊಂದು ಪರೀಕ್ಷೆ. ಟೇಬಲ್ ಖಾಲಿ ಮಾಡಿ, ಬಿಳಿ ಚೆಂಡನ್ನು ಉದ್ದಕ್ಕೆ ನೇರ ಹೊಡೆಯಿರಿ, ಕೋಲು ಅಲ್ಲಾಡಿಸದೆ ಹಾಗೇ ಇರಿ. ಎದುರಿನ ಅಂಚಿಗೆ ತಾಗಿ ಅದು ಕೋಲಿನ ತುದಿಗೇ ವಾಪಸ್ ಬರಬೇಕು. ನೇರ ಹೋಗಿ ಬಲಕ್ಕೆ ತಿರುಗಿ ಬಂದರೆ ನಿಮಗರಿವಿಲ್ಲದೆ ಚೆಂಡಿನ ಬಲಗಡೆಗೆ ಹೊಡೆಯುತ್ತಿದ್ದೀರಿ; ಎಡಕ್ಕೆ ಬಂದರೆ ಎಡಗಡೆಗೆ. ಹೀಗೆ ಪಕ್ಕಕ್ಕೆ ಹೊಡೆದು ಚೆಂಡನ್ನು ತಿರುಗಿಸುವುದೇ ಸೈಡ್. "ಸೈಡ್ ಹಾಕಿದ್ರೇನೇ ಆಟ" ಎನ್ನುವವರೂ ಮೊದಲು ಇದನ್ನು ಮಾಡಿ ನೋಡಲಿ. ಬೇಡವಾದ ಸೈಡ್ ಹೋಗದೆ ಬೇಕಾದ ಸೈಡ್ ಕೈಗೆ ಹತ್ತುವುದಿಲ್ಲ.